ಹಿಡಿ ಜೋಳದ ಪೇಟಿ

ನಾನು ಕಾಲಿನಿಂದ ತುಳಿದು ನುಡಿಸುವ ಒಂದು ಹಾರ್ಮೋನಿಯಂ. ಈ ಊರಿನವರ ಬಾಯಲ್ಲಿ ಪೇಟಿ. ಹುಟ್ಟಿದ್ದು ಪುಣೆಯ ಒಂದು ಕಾರ್ಖಾನೆಯಲ್ಲಿ. ಮೈ ಸಾಗವಾನಿಯದು, ನಾಲಗೆಗಳು ಹಿತ್ತಾಳೆಯವು, ಗಾಳಿಚೀಲ ಮೇಕೆಯ ಚರ್ಮದ್ದು. ವಯಸ್ಸಾದವರು ತಮ್ಮ ಕಥೆ ಹೇಳುವಾಗ ಎಲ್ಲರನ್ನೂ ಕ್ಷಮಿಸಿಬಿಟ್ಟೆ ಎನ್ನುತ್ತಾರೆ. ನನ್ನಿಂದ ಅದನ್ನು ನಿರೀಕ್ಷಿಸಬೇಡಿ. ನಾನು ಸೇಡು ತೀರಿಸಿಕೊಂಡಿದ್ದೇನೆ, ಅದನ್ನು ಹೇಳುವುದಕ್ಕೇ ಬಾಯಿ ತೆರೆದಿದ್ದೇನೆ.

ಗದಗ ಸೀಮೆಯ ಒಂದು ನೇಕಾರರ ಊರಿನ ಚರ್ಚು ನನ್ನನ್ನು ತರಿಸಿತು. ಸಭೆಯ ಹೆಂಗಸರು ದಿನಾ ರೊಟ್ಟಿಯ ಹಿಟ್ಟಿಗೆ ಜೋಳ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿ, ಭಾನುವಾರ ಚರ್ಚಿಗೆ ತಂದು ಸುರಿಯುತ್ತಿದ್ದರು. ಆ ಜೋಳ ಮಾರಿ ನನ್ನನ್ನು ಕೊಂಡರು. ಓದು ಬಾರದವರೂ ಬಾಯಿತುಂಬ ಹಾಡಿ ದೇವರನ್ನು ಸ್ತುತಿಸಲಿ ಎಂಬುದಷ್ಟೇ ಅವರ ಆಸೆ. ಅಂದರೆ ನಾನು ಹಾಡುವವರ ಸ್ವತ್ತು, ನುಡಿಸುವವರ ಸ್ವತ್ತಲ್ಲ. ಇದು ನೆನಪಿರಲಿ.

ನನ್ನನ್ನು ನುಡಿಸಿದವರು ಕೃಪಾವತಿ ಅಕ್ಕೋರು, ಮಿಷನ್ ಶಾಲೆಯ ಟೀಚರು. ಬಿರಿದ ಹಿಮ್ಮಡಿಯ ಆ ಪಾದಗಳನ್ನು ನಾನು ಯಾವ ಬಿಷಪ್ಪರ ಬೂಟಿಗಿಂತಲೂ ಹೆಚ್ಚು ಬಲ್ಲೆ. ಪ್ರತಿ ಗೀತೆಗೂ ಮೊದಲು ಅವರು ನನ್ನ ಸ್ವರದ ಮನೆಗಳಲ್ಲಿ ಕೆಳಗಿನದಾದ ಬಿಳಿ ಒಂದನ್ನು ಒತ್ತಿ ಉದ್ದಕ್ಕೆ ಹಿಡಿಯುತ್ತಿದ್ದರು. ಆ ಸ್ವರ ಗುಂಯ್ ಎನ್ನುತ್ತಿರುವಾಗ ಜನ ಕೆಮ್ಮಿ, ಗಂಟಲು ಸರಿಮಾಡಿ, ತಮ್ಮ ಶ್ರುತಿ ಹುಡುಕಿಕೊಳ್ಳುತ್ತಿದ್ದರು. ಕೊನೆಯ ಬೆಂಚಿನ ಬೀಡಿ ಗಂಟಲುಗಳಿಗೂ ಎಟುಕುವ ಸ್ವರ ಅದು. ಎಲ್ಲರಿಗೂ ಸಿಕ್ಕಿತು ಎಂದು ಖಾತ್ರಿಯಾದ ಮೇಲೇ ಅವರ ಬೆರಳು ಮುಂದಕ್ಕೆ ಹೋಗುತ್ತಿತ್ತು.

ಆ ಕೊನೆಯ ಬೆಂಚಿನಲ್ಲಿ ಯೋನಪ್ಪ ಕೂರುತ್ತಿದ್ದ. ಮಗ್ಗದ ಸದ್ದಿಗೆ ಕಿವಿ ಮಂದವಾದ ಮನುಷ್ಯ, ಹಾಡಿದರೆ ಗೋಡೆಯ ಸುಣ್ಣ ಉದುರಬೇಕು. ಅವನ ಮಗ ಎಲೀಷ ಸಂಡೇ ಸ್ಕೂಲಿಗೆ ಬರುತ್ತಿದ್ದಾಗ ಅಕ್ಕೋರೇ ಅವನ ಬೆರಳು ಹಿಡಿದು ನನ್ನ ಮೇಲೆ ಸ್ವರ ಕಲಿಸಿದರು. ಚೆನ್ನಾಗಿ ಕಲಿತ. ಆ ಮಾತಿನಲ್ಲಿ ಮೋಸ ಮಾಡಲಾರೆ, ಅವನ ಕೈಯಲ್ಲಿ ಸಂಗೀತ ಇತ್ತು. ತಲೆಯಲ್ಲಿ ಸೊಕ್ಕೂ ಇತ್ತು.

ದೊಡ್ಡವನಾಗಿ, ಪಟ್ಟಣದಲ್ಲಿ ಪರೀಕ್ಷೆ ಪಾಸು ಮಾಡಿ, ಒಂದು ಕೀಬೋರ್ಡನ್ನು ಹೆಗಲಿಗೇರಿಸಿಕೊಂಡು ಬಂದ. ಬಿಳಿ ನಿಲುವಂಗಿಯ ಗಾಯನ ಮಂಡಳಿ ಕಟ್ಟಿದ. ಒಂದು ಭಾನುವಾರ, ಇಡೀ ಸಭೆ ಕೂತಿರುವಾಗ, ನನ್ನ ಮುಂದೆ ಕುಳಿತಿದ್ದ ಅಕ್ಕೋರ ಬಳಿ ಬಂದು ನಿಂತ.

"ಅಕ್ಕೋರ, ಇನ್ ಮುಂದ ನೀವು ಹಿಂದ ಕುಂದರ್ರಿ. ಹಾಡೋದು ನಾವು ನೋಡ್ಕೋತೀವಿ" ಎಂದ.

ಅಕ್ಕೋರು ಕನ್ನಡಕ ಮಡಚಿ, ಸೆರಗು ಸರಿಮಾಡಿಕೊಂಡು ಹಿಂದಕ್ಕೆ ನಡೆದರು. ಅಷ್ಟು ಜನರಲ್ಲಿ ಒಬ್ಬರೂ ಏಳಲಿಲ್ಲ. ನನ್ನ ಚೀಲದಲ್ಲಿ ಇನ್ನೂ ಅವರು ತುಳಿದ ಗಾಳಿ ಇತ್ತು. ಅದನ್ನು ನುಂಗಿಕೊಂಡೆ. ಆ ದಿನವೇ ನಿಶ್ಚಯಿಸಿದೆ: ಇದೇ ಸಭೆಯ ಮುಂದೆ ಇವನ ಮಾನ ಕಳೆಯುತ್ತೇನೆ.

ಎಲೀಷ ಶ್ರುತಿಯನ್ನು ಬಿಳಿ ಮೂರಕ್ಕೆ ಏರಿಸಿದ. ಮಂಡಳಿಯ ಎಳೆಯ ಕಂಠಗಳಿಗೆ ಅದು ಸಲೀಸು. ಉಳಿದವರು ಒಂದೆರಡು ಭಾನುವಾರ ಒದ್ದಾಡಿ, ಗಂಟಲು ಹರಿದುಕೊಂಡು, ಬಾಯಿ ಮುಚ್ಚಿದರು. ಯೋನಪ್ಪ ಮಾತ್ರ ಬಿಡದೆ ಅರಚುತ್ತಿದ್ದ. ಆಮೇಲೆ ಮಗ ಮನೆಯಲ್ಲಿ ಏನು ಹೇಳಿದನೋ, ಅವನೂ ಸುಮ್ಮನಾದನಂತೆ. ಹೊರಟಿತು ನೋಡಿ ಆ ಚರ್ಚಿನ ಜೀವ. ಜನ ಹಾಡು ಕೇಳಲು ಬರತೊಡಗಿದರು, ಹಾಡಲು ಅಲ್ಲ.

ನನ್ನನ್ನು ಪಾದ್ರಿಗಳು ಅಂಗಿ ಬದಲಿಸುವ ಕೋಣೆಗೆ ತಳ್ಳಿ, ನನ್ನ ಮೈಮೇಲೆ ಆರಾಧನೆಯ ಹೂದಾನಿಗಳನ್ನು ಇಡತೊಡಗಿದರು. ಹಾಡಿದವರ ಪೇಟಿ ಹೂದಾನಿಯ ಮೇಜಾಯಿತು. ಅಕ್ಕೋರು ಒಮ್ಮೆ ಒಳಗೆ ಬಂದು ನನ್ನ ಧೂಳು ಒರೆಸಿದರು. "ಸಿಟ್ಟ ಮಾಡ್ಕೋಬ್ಯಾಡ. ಅಂವಾ ನಮ್ಮ ಹುಡುಗನ" ಎಂದರು. ಆ ಒಂದು ಸಲ ಅವರ ಮಾತು ಮೀರಿದೆ. ಅವರು ಕ್ಷಮಿಸಿದ್ದು ನನ್ನ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿತು. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರನ್ನು ಮಣ್ಣು ಮಾಡುವಾಗಲೂ ಮಂಡಳಿಯೇ ಹಾಡಿತು.

ನನ್ನ ಸರದಿ ಈಸ್ಟರಿಗೆ ಬಂತು. ಈಸ್ಟರ್ ಬೆಳಗಿನ ಆರಾಧನೆಯನ್ನು ಈ ಸಭೆ ಸ್ಮಶಾನದಲ್ಲಿ, ತಮ್ಮವರ ಸಮಾಧಿಗಳ ನಡುವೆ ನಿಂತು ಮಾಡುತ್ತದೆ. ಆ ಸಲ ಬಿಷಪ್ಪರೂ ಬರುವವರಿದ್ದರು. ಅಲ್ಲಿ ಕರೆಂಟಿಲ್ಲ, ಕೀಬೋರ್ಡು ನಡೆಯದು. ಶನಿವಾರ ಬೆಳಿಗ್ಗೆ ಎಲೀಷ ಒಲ್ಲದ ಮನಸ್ಸಿನಿಂದ ನನ್ನನ್ನು ನುಡಿಸಿ ನೋಡಿದ. ಎಲ್ಲ ಸ್ವರಗಳನ್ನೂ ಸರಿಯಾಗಿ ಕೊಟ್ಟೆ, ಜಾಣತನದಿಂದ. ಸಂಜೆ ಮಂಡಳಿಯವರು ಹಬ್ಬದ ಹೂಗಳನ್ನು ತುಂಬಿದ ಹೂದಾನಿಗಳನ್ನು ಎಂದಿನಂತೆ ನನ್ನ ಮೇಲೆ ಇಟ್ಟು ಹೋದರು. ಅವುಗಳಲ್ಲೊಂದು ತುಳುಕಿ ನೀರು ಸರಿಯಾಗಿ ಬಿಳಿ ಒಂದರ ಸಂದಿಗೆ ಇಳಿಯಿತು. ಮರ ಉಬ್ಬಿತು. ನಾನು ಬೇಡವೆನ್ನಲಿಲ್ಲ.

ಬೆಳಗಿನ ಜಾವ ನನ್ನನ್ನು ಹೊತ್ತು ತಂದು ಅಕ್ಕೋರ ಹೊಸ ಸಮಾಧಿಯ ಪಕ್ಕದಲ್ಲೇ ಇಳಿಸಿದರು. ಅಲ್ಲಿ ನೆಲ ಸಮವಾಗಿತ್ತಂತೆ. ಹಾಡಿಗೆ ಮೊದಲು ಈ ತುದಿಯಿಂದ ಆ ತುದಿಗೆ ನನ್ನ ಎಲ್ಲ ಸ್ವರದ ಮನೆಗಳ ಮೇಲೂ ಬೆರಳು ಓಡಿಸುವುದು ಎಲೀಷನ ಶೋಕಿ. ಬಿಷಪ್ಪರ ಮುಂದೆ ಓಡಿಸಿದ. ಬಿಳಿ ಒಂದು ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಗುಂಯ್ ಎಂದು ಹಿಡಿದುಕೊಂಡೆ.

ಅವನು ಬೆರಳಿನಿಂದ ಎತ್ತಿದ, ಗುದ್ದಿದ, ಉಗುರು ಹಾಕಿದ. ತುಳಿಯುವುದು ನಿಲ್ಲಿಸಿದರೆ ಹಾಡಿಲ್ಲ, ತುಳಿದರೆ ನಾನಿದ್ದೇನೆ. ಮಂಡಳಿ ಬಿಳಿ ಮೂರರಲ್ಲಿ ಶುರು ಮಾಡಿತು, ನಾನು ಕೆಳಗಿನಿಂದ ಅವರ ಕಾಲೆಳೆದೆ. ಎಳೆಯ ಕಂಠಗಳು ಅತ್ತ ಇತ್ತ ಜಾರಿ ಅಪಸ್ವರವಾದವು. ಎಲೀಷನ ಕಾಲು ತಾಳ ತಪ್ಪಿದ್ದು ನನ್ನ ತುಳಿಹಲಗೆಗೆ ಗೊತ್ತಾಯಿತು. ಆಹಾ, ಆ ತಪ್ಪಿಗಾಗಿಯೇ ಕಾದಿದ್ದೆ.

ಅಷ್ಟರಲ್ಲಿ ಹಿಂದೆ ನಿಂತಿದ್ದ ಯೋನಪ್ಪ ತಲೆ ಎತ್ತಿದ. ಮಂಡಳಿಯ ತೆಳು ದನಿ ಅವನ ಕಿವಿಗೆ ಎಂದೂ ಬಿದ್ದದ್ದಿಲ್ಲ. ಈ ಸ್ವರ ಬಿತ್ತು.

"ಅಕ್ಕೋರು ಸ್ವರ ಹಿಡದಾರ. ಹಾಡ್ರಿ" ಎಂದ.

ಜನ ಕೆಮ್ಮಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಇಡೀ ಸ್ಮಶಾನ ಹಾಡಿತು. ಮುದುಕಿಯರು, ಬೀಡಿ ಗಂಟಲುಗಳು, ಶ್ರುತಿಯೇ ಇಲ್ಲದವರು, ಎಲ್ಲರೂ. ಮಂಡಳಿ ಕೊಚ್ಚಿಹೋಯಿತು. ಬಿಷಪ್ಪರೂ ಪುಸ್ತಕ ಮುಚ್ಚಿ ಹಾಡಿದರು. ಎಲೀಷ ತಲೆ ತಗ್ಗಿಸಿ ಕಾಲು ತುಳಿಯುತ್ತಲೇ ಇದ್ದ, ನಿಲ್ಲಿಸಲು ಧೈರ್ಯ ಸಾಲಲಿಲ್ಲ.

ಮರುದಿನ ಅವನು ನನ್ನನ್ನು ಗುಜರಿಗೆ ಹಾಕಿಸಲು ಹೊರಟ. ಹೆಂಗಸರು ಅಡ್ಡ ನಿಂತರು. ಅದು ನಮ್ಮ ಹಿಡಿ ಜೋಳ ಎಂದರು. ಈಗ ಗಂಟೆಗೋಪುರದ ಕೆಳಗಿನ ಮೂಲೆಯಲ್ಲಿದ್ದೇನೆ. ಚೀಲ ಇಲಿಗಳ ಪಾಲಾಗಿದೆ. ಭಾನುವಾರ ಎಲೀಷನ ಕೀಬೋರ್ಡು ಬಿಳಿ ಒಂದನ್ನು ಹಿಡಿದು ಕಾಯುವುದು ಇಲ್ಲಿಗೆ ಕೇಳಿಸುತ್ತದೆ. ಬೇರೆ ಶ್ರುತಿ ಹಿಡಿದರೆ ಜನ ಹಾಡುವುದೇ ಇಲ್ಲವಂತೆ. ಆಮೇಲೆ ಬರುವ ದನಿಗಳಲ್ಲಿ ಯೋನಪ್ಪನದು ಎಲ್ಲರಿಗಿಂತ ಮುಂದೆ.

ಹಾಡು ಮುಗಿದ ಮೇಲೆ ಅವರೆಲ್ಲ ಒಟ್ಟಾಗಿ ಪ್ರಾರ್ಥಿಸುತ್ತಾರೆ: ನಾವು ಕ್ಷಮಿಸಿದಂತೆ ನಮ್ಮನ್ನು ಕ್ಷಮಿಸು ಎಂದು. ಆ ಸಾಲು ನನಗೆ ಬರುವುದಿಲ್ಲ. ಅಕ್ಕೋರು ನನಗೆ ಹಾಡುಗಳನ್ನು ಮಾತ್ರ ಕಲಿಸಿದ್ದರು.