ಎಣ್ಣೆ ಬಿಟ್ಟರೂ ನಿಲ್ಲದ ಸದ್ದು

"ಬೇರಿಂಗ್ ಹೋಗಿದೆ," ಎಂದರು ಚಿಕ್ಕಪ್ಪ, ಕಿವಿಯಿಂದ ಹೆಡ್‌ಫೋನ್ ತೆಗೆದು. "ಕ್ಯಾಮೆರಾ ಸ್ಟ್ಯಾಂಡಿಂದು. ಕೇಳಿಲ್ಲಿ, ಕೀಂಯ್, ಕೀಂಯ್, ಕೀಂಯ್. ನನ್ನ ಕಿವಿಗೆ ಮೋಸ ಮಾಡಕ್ಕಾಗಲ್ಲ."

ಅದು ಬೇರಿಂಗ್ ಅಲ್ಲ. ಅದು ನಾನು.

ಎಲ್ಲರ ನಗು ಹೊರಗೆ ಬರುತ್ತದೆ. ನನ್ನದು ಒಳಕ್ಕೆ ಹೋಗುತ್ತದೆ, ಹೋಗುವಾಗ ತುಕ್ಕು ಹಿಡಿದ ಗೇಟಿನಂತೆ ಕಿರುಗುಟ್ಟುತ್ತದೆ. ಎಂಟನೇ ಕ್ಲಾಸಿನಲ್ಲಿ ನನಗೆ 'ಗೇಟು' ಎಂದು ಹೆಸರು ಬಿದ್ದಂದಿನಿಂದ ನಾಲ್ಕು ಜನರೆದುರು ನಕ್ಕವಳಲ್ಲ. ಡಿಗ್ರಿ ಮುಗಿಸಿ ಚಿಕ್ಕಪ್ಪನ ವಿಡಿಯೊ ಸ್ಟುಡಿಯೊ ಸೇರಿದ್ದೂ ಅದಕ್ಕೇ. ಒಳಕೋಣೆ, ಹೆಡ್‌ಫೋನ್, ಗೋಡೆಯ ಕಡೆ ಮುಖ. ನನ್ನ ನಗುವಿನ ಸಂಗತಿ ಈಗ ಡೈರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಎಡವಟ್ಟಾದದ್ದು ಶನಿವಾರ. ಲೆಕ್ಕದ ಟೀಚರ್ ಒಬ್ಬರ ಬೀಳ್ಕೊಡುಗೆ ಸಮಾರಂಭ. ಎರಡನೇ ಕ್ಯಾಮೆರಾದವನಿಗೆ ಜ್ವರ ಬಂದು, ಚಿಕ್ಕಪ್ಪ ನನ್ನನ್ನೇ ವೇದಿಕೆಯ ಮುಂದೆ ನಿಲ್ಲಿಸಿದರು. ಟೀಚರ್ ಕೊರಳ ಬಳಿ ಸಿಕ್ಕಿಸಿದ್ದ ಮೈಕಿನ ಬ್ಯಾಟರಿ ಐದೇ ನಿಮಿಷಕ್ಕೆ ಕೈಕೊಟ್ಟಿತು. ಉಳಿದ ಭಾಷಣಕ್ಕೆಲ್ಲ ನನ್ನ ಕ್ಯಾಮೆರಾದ ಮೈಕೇ ಗತಿ. ಅದಕ್ಕೂ ನನ್ನ ಬಾಯಿಗೂ ಒಂದು ಗೇಣು ದೂರ.

ಟೀಚರ್ ಹೇಳಿದ್ದು ಇಷ್ಟು: "ಒಂದು ನಲ್ಲಿ ತೊಟ್ಟಿ ತುಂಬಿಸುತ್ತೆ, ಇನ್ನೊಂದು ಖಾಲಿ ಮಾಡುತ್ತೆ. ಎಷ್ಟು ಹೊತ್ತಿಗೆ ತುಂಬುತ್ತೆ ಅಂತ ಮೂವತ್ತಾರು ವರ್ಷ ಕೇಳಿದೆ. ಒಂದು ಮಗೂನಾದ್ರೂ ಎದ್ದು, ಮಿಸ್, ಆ ಎರಡನೇ ನಲ್ಲಿ ನಿಲ್ಲಿಸಿ ಬರ್ಲಾ ಅನ್ನಲಿಲ್ಲ."

ಸಭೆ ಗಂಭೀರವಾಗಿ ತಲೆಯಾಡಿಸಿತು. ನಾನು ತುಟಿ ಕಚ್ಚಿ ಹಿಡಿದೆ. ಆಗಲಿಲ್ಲ. ಕೀಂಯ್.

ಈಗ ಚಿಕ್ಕಪ್ಪನ ಆಜ್ಞೆ: ಫ್ಯಾನಿನ ಗುಂಯ್ ತೆಗಿ, ಬೇರಿಂಗಿನ ಕೀಂಯ್ ತೆಗಿ.

ಫ್ಯಾನಿನದು ಸುಲಭ. ಎರಡು ಸೆಕೆಂಡಿನ ಬರೀ ಗುಂಯ್ಯನ್ನು ಕಂಪ್ಯೂಟರಿಗೆ ತೋರಿಸಿ, ಇದರ ಗುರುತು ಇಟ್ಟುಕೋ, ಎಲ್ಲಿ ಕಂಡರೂ ಹೊರಗೆ ಹಾಕು ಎಂದರಾಯಿತು. ನನ್ನ ನಗುವಿನ ಗುರುತನ್ನೂ ಹಾಗೇ ಕೊಟ್ಟೆ. ಅದು ನಗುವಿನ ಜೊತೆ ಟೀಚರ್ ಗಂಟಲನ್ನೂ ಅರ್ಧ ಕಿತ್ತುಕೊಂಡು ಹೋಯಿತು. ಪಾಪ, ಬಕೆಟ್ಟಿನೊಳಗೆ ಕೂತು ಮಾತಾಡಿದಂತಾದರು. ಕೊನೆಗೆ ಕೈಯಾರೆ ಮಾಡಬೇಕಾಯಿತು. ಪರದೆಯ ಮೇಲೆ ಸದ್ದು ಚಿತ್ರವಾಗಿ ಮೂಡುತ್ತದೆ. ಅದರಲ್ಲಿ ನನ್ನ ಒಂದೊಂದು ನಗುವೂ ಒಂದೊಂದು ಪುಟ್ಟ ಏಣಿ. ಎಣಿಸಿದೆ, ನಲವತ್ತೊಂದು. ಒಂದು ಏಣಿ ಕಿತ್ತರೆ ಮುಂದಿನ ಜೋಕು ಕೇಳಿಸುತ್ತದೆ, ಕೇಳಿ ಮತ್ತೆ ನಗು ಬರುತ್ತದೆ. ಕರವಸ್ತ್ರ ಬಾಯಿಗೆ ತುರುಕಿಕೊಂಡು ಕೆಲಸ ಮುಗಿಸಿದೆ. ಕಿತ್ತದ್ದನ್ನು ಬಿಸಾಡಲು ಯಾಕೋ ಮನಸ್ಸು ಬರಲಿಲ್ಲ. 'ಕಸ' ಎಂಬ ಫೋಲ್ಡರಿನಲ್ಲಿ ಇಟ್ಟೆ.

ಮರುದಿನ ಬೆಳಿಗ್ಗೆ ಟೀಚರ್ ಬಂದರು. ಚಿಕ್ಕಪ್ಪ ಎಣ್ಣೆ ಡಬ್ಬಿ ಹಿಡಿದು ಸ್ಟ್ಯಾಂಡಿನ ಕಾಲಡಿ ಕೂತಿದ್ದರು.

"ತೋರ್ಸಮ್ಮ," ಎಂದರು ಟೀಚರ್, ನನ್ನ ಪಕ್ಕದ ಕುರ್ಚಿ ಎಳೆದುಕೊಂಡು. "ಸಾಯಂಕಾಲ ನಮ್ಮಕ್ಕನ ಮನೆಗೆ ಹೋಗ್ಬೇಕು. ಚಿಕ್ಕೋಳಿದ್ದಾಗಿಂದ ಅವಳದು ಒಂದೇ ಮಾತು: ನಿನ್ನ ಜೋಕಿಗೆ ಗೋಡೆನೂ ನಗಲ್ಲ ಕಣೇ ಅಂತ. ಇವತ್ತು ಸಾಕ್ಷಿ ಸಮೇತ ಹೋಗ್ತಿದೀನಿ!"

ಬೇರೆ ದಾರಿ ಕಾಣದೆ ವಿಡಿಯೊ ಹಾಕಿದೆ. ಪರದೆಯಲ್ಲಿ ಟೀಚರ್ ನಲ್ಲಿಯ ಮಾತು ಹೇಳಿ, ನಿಂತು, ಕ್ಯಾಮೆರಾದ ಕಡೆಗೆ ನೋಡಿ ಕಾದರು. ಎಲ್ಲ ನಿಶ್ಶಬ್ದ. ಮತ್ತೊಂದು ಜೋಕು, ಮತ್ತೆ ಅದೇ ಮೌನ. ನಾನು ಎಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದೆನೆಂದರೆ ಸ್ಮಶಾನವೇ ವಾಸಿ.

"ಯಾರೋ ನಗ್ತಿದ್ರಲ್ಲ?" ಟೀಚರ್ ದನಿ ಇಳಿದಿತ್ತು. "ನಾನು ಕಿವಿಯಾರೆ ಕೇಳಿದೀನಿ. ಇಡೀ ಹಾಲಲ್ಲಿ ಒಬ್ರೇ. ಆ ಒಬ್ರನ್ನ ನಂಬ್ಕೊಂಡೇ ಇಪ್ಪತ್ತು ನಿಮಿಷ ಜಾಸ್ತಿ ಮಾತಾಡಿದ್ದು ನಾನು."

"ಅಯ್ಯೋ, ಅದು ನಗು ಅಲ್ಲ ಟೀಚರ್," ಚಿಕ್ಕಪ್ಪ ಕೂತಲ್ಲಿಂದಲೇ ಸಮಾಧಾನ ಹೇಳಿದರು. "ಬೇರಿಂಗು. ಈಗ ನೋಡಿ, ಎಣ್ಣೆ ಬಿಟ್ಟಿದೀನಿ. ಜನ್ಮದಲ್ಲಿ ಸದ್ದು ಮಾಡಲ್ಲ."

ಟೀಚರ್ ನಿಧಾನವಾಗಿ ಚೀಲ ಹೆಗಲಿಗೇರಿಸಿದರು. "ಬೇರಿಂಗೇ? ಸರಿ ಬಿಡಿ. ಮೂವತ್ತಾರು ವರ್ಷ ಪಾಠ ಮಾಡಿ ಕೊನೆಗೆ ಸ್ಟ್ಯಾಂಡಿಗಾದ್ರೂ ಅರ್ಥವಾಯ್ತಲ್ಲ."

ಕೀಂಯ್!

ಚಿಕ್ಕಪ್ಪ ಸ್ಟ್ಯಾಂಡನ್ನು ನೋಡಿದರು. ಡಬ್ಬಿ ನೋಡಿದರು. ಸ್ಟ್ಯಾಂಡಿಗೆ ಇನ್ನೆರಡು ಹನಿ ಬಿಟ್ಟರು. ಅದನ್ನು ಕಂಡು ನನಗೆ ಮತ್ತೂ ತಡೆಯಲಾಗಲಿಲ್ಲ. ಕೀಂಯ್, ಕೀಂಯ್, ಕುರ್ಚಿಯೇ ಅಲುಗಾಡಿತು, ಕಣ್ಣಲ್ಲಿ ನೀರು ಬಂತು.

ಟೀಚರ್ ಹೆಗಲಿನ ಚೀಲ ಧೊಪ್ಪನೆ ಕೆಳಗೆ ಬಿತ್ತು. "ನೀನಾ?"

ಇಲ್ಲವೆನ್ನಲು ಬಾಯಿ ತೆರೆದೆ. "ನಾನೇ ಟೀಚರ್," ಎಂದುಬಿಟ್ಟೆ. "ಎಲ್ಲಾ ಎತ್ತಿಟ್ಟಿದೀನಿ. ನಲವತ್ತೊಂದು."

"ನಲವತ್ತೊಂದಾ!" ಬಹುಮಾನ ಬಂದವರಂತೆ ಅವರು ಮತ್ತೆ ಕುರ್ಚಿಗೆ ಬಿದ್ದರು. "ಹಾಕು, ಹಾಕು, ಒಂದೂ ಬಿಡ್ಬೇಡ!"

"ಲೇ, ಮೊದಲೇ ಹೇಳಕ್ಕೇನಾಗಿತ್ತು?" ಚಿಕ್ಕಪ್ಪ ಗೊಣಗಿದರು. "ಅರ್ಧ ಡಬ್ಬಿ ಎಣ್ಣೆ ಕುಡಿಸಿದೀನಿ ಇದಕ್ಕೆ." ಏಳಲೆಂದು ಅವರು ಸ್ಟ್ಯಾಂಡಿಗೆ ಕೈ ಊರಿದ್ದೇ ತಡ, ಅದರ ಮೂರು ಕಾಲೂ ಸರ್ರನೆ ಜಾರಿ ನೆಲಕ್ಕೆ ಮಲಗಿದವು. ಜೊತೆಗೆ ಚಿಕ್ಕಪ್ಪನೂ.

ಈ ಸಲ ಮೂವರೂ ನಕ್ಕೆವು. ಆಮೇಲೆ ಒಂದೊಂದೇ ಏಣಿಯನ್ನು ತಂದು ಅದರ ಜಾಗದಲ್ಲಿ ನಿಲ್ಲಿಸಿದೆ.

"ಎಷ್ಟು ಜೋರಾಗಿ ಇಡಲಿ ಟೀಚರ್?"

"ನಮ್ಮಕ್ಕ ಅಡುಗೆಮನೆಗೆ ಎದ್ದು ಹೋದ್ರೂ ಕೇಳಿಸ್ಬೇಕು."

ಸದ್ದಿನ ಗುಂಡಿಯನ್ನು ಮೇಲಕ್ಕೆ ಎಳೆದೆ. ಇನ್ನೂ ಸ್ವಲ್ಪ ಎಳೆದೆ.