ಮೂರರಲ್ಲಿ ಒಂದು

ಕಚಕ್ ಕಚಕ್ ಎಂದು ಕತ್ತರಿ, ಮತ್ತೆ ಚೀಟಿ, ಗಣಿತ ಮಾಡು ಎಂದರೆ ಈ ಹುಡುಗಿ ಊಟದ ಮೇಜಿನ ಮೇಲೆ ಕಾಗದ ಕತ್ತರಿಸುತ್ತಾ ಕೂತಿದ್ದಾಳೆ, ಕತ್ತೆಯಷ್ಟು ವಯಸ್ಸಾಗಿದೆ, ಮುಂದಿನ ತಿಂಗಳು ಪರೀಕ್ಷೆ, ನಾನು ಅವಳ ಸಮವಸ್ತ್ರದ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾ ಬಾಯಿ ಬಿಗಿಹಿಡಿದಿದ್ದೇನೆ — ಎಲ್ಲ ನನ್ನ ತಂಗಿ ಕಲಿಸಿದ್ದು, ಪುಟ್ಟೀ, ಸಂಭವನೀಯತೆ ಅಂದ್ರೆ ಹೆದರ್ಕೋಬೇಡ, ಏನೇನಾಗಬಹುದೋ ಎಲ್ಲಾನೂ ಚೀಟೀಲಿ ಬರಿ, ಲೆಕ್ಕದಲ್ಲಿ ಏನು ಗೊತ್ತಿದೆ ಅಂತ ಕೊಟ್ಟಿದಾರೋ ಅದಕ್ಕೆ ಹೊಂದದೇ ಇರೋದನ್ನ ಎತ್ತಿ ಆಚೆ ಹಾಕು, ಉಳಿದಿದ್ದನ್ನ ಎಣಿಸು, ಅಷ್ಟೇ ಕಣೇ — ಅಷ್ಟೇ ಅಂತೆ! ಇಷ್ಟು ವರ್ಷದಿಂದ ದೊಡ್ಡ ತರಗತಿಗಳಿಗೆ ನಾನು ಮಾಡುತ್ತಿರುವುದೂ ಅದೇ ಪಾಠ, ಸೂತ್ರ ಬರಿ, ಬೆಲೆ ಹಾಕು, ಹಂತ ಬಿಡಬೇಡ, ಊರಿನ ಮಕ್ಕಳೆಲ್ಲ ನನ್ನ ಕೈಯಲ್ಲಿ ಪಾಸಾಗಿ ಹೋದರು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತ್ರ ಡೌಟು ಬಂದರೆ ಚಿಕ್ಕಮ್ಮ ಬೇಕು. ಆ ಚಿಕ್ಕಮ್ಮನೋ, ಬಿ.ಎಸ್ಸಿ.ಯಲ್ಲಿ ಡುಮ್ಕಿ ಹೊಡೆದು ಕಟ್ಟಿ ಪಾಸಾದವಳು, ಮನೆಯಲ್ಲೇ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಟ್ಯೂಷನ್ ಹೇಳುವವಳು, ಬೆಳಿಗ್ಗೆ ಫೋನು, ಅಕ್ಕಾ, ಪರೀಕ್ಷೆ ಮುಗಿಯೋವರೆಗೂ ಪುಟ್ಟಿ ನನ್ನ ಹತ್ರಾನೇ ಇರ್ಲಿ, ಸಂಜೆ ಸ್ಕೂಟರಲ್ಲಿ ಬಂದು ಕರ್ಕೊಂಡು ಹೋಗ್ತೀನಿ, ನೀನು ಹೂಂ ಅಂದ್ರೆ ಸಾಕು. ಇವರನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತದೆ, ಹೋಗ್ಲಿ ಬಿಡೇ, ಓದೋಳು ಎಲ್ಲಾದ್ರೂ ಓದ್ಲಿ. ಎಲ್ಲಾದರೂ ಎಂದರೆ? ಇಲ್ಲಿ ಏನು ಕಮ್ಮಿಯಾಗಿದೆ? ಮೊನ್ನೆ ಪುಟ್ಟಿಯನ್ನು ಕರೆತರಲು ಹೋಗಿ ತಂಗಿಯ ಬಾಗಿಲಾಚೆ ನಿಂತಿದ್ದೆ, ಒಳಗೆ ಮೇಜು ಗುದ್ದುವ ಸದ್ದು, ತಪ್ಪು ಚಿಕ್ಕಮ್ಮಾ, ತಪ್ಪೂ, ಅದು ಹೆಂಗೆ ಬರತ್ತೆ ತೋರಿಸು ನೋಡೋಣ, ಅಯ್ಯೋ ಹೌದಲ್ಲೇ, ನಾನೊಬ್ಬಳು ಪೆದ್ದಿ, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುವುದು, ನನ್ನ ಮಗಳು ಅಷ್ಟು ಗಟ್ಟಿಯಾಗಿ ನಗುತ್ತಾಳೆಂದೇ ನನಗೆ ಗೊತ್ತಿರಲಿಲ್ಲ, ನಾನು ಬೆಲ್ ಒತ್ತಿದ್ದೇ ತಡ, ಒಳಗೆಲ್ಲ ಗಪ್‌ಚುಪ್. ಹೊಟ್ಟೆ ಉರಿಯಿತು, ಹೌದು, ಉರಿಯಿತು, ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರ ಹತ್ತಿರ ಹೇಳಿಕೊಳ್ಳಲಿ.

ಕತ್ತರಿ ನಿಂತಿತು. ಈಗ ಚೀಟಿ ಜೋಡಿಸುತ್ತಿದ್ದಾಳೆ, ತುಟಿ ಕಚ್ಚಿಕೊಂಡು, ಆ ತುಟಿ ಕಚ್ಚುವುದೂ ಚಿಕ್ಕಮ್ಮನದ್ದೇ, ತಪ್ಪಾಗಲಿ, ಒಂದೇ ಒಂದು ಲೆಕ್ಕ ತಪ್ಪಾಗಲಿ, ಹೆತ್ತವಳು ಬಯಸುವ ಮಾತಲ್ಲ ಇದು, ಆದರೂ ತಪ್ಪಾಗಲಿ, ನೋಡಿದ್ಯಾ ನಿನ್ನ ಚೀಟಿ ಗಣಿತಾನ, ಎಂದು ಸ್ಕೂಟರಿನ ಮುಂದೆಯೇ ಹೇಳಿ ಇವಳನ್ನು ಇಲ್ಲೇ ಉಳಿಸಿಕೊಳ್ಳುತ್ತೇನೆ. ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಮೇಜಿನ ಈಚೆ ಬಂದು ನಿಂತೆ, ಯಾವ ಲೆಕ್ಕವೇ ಅದು, ಇಬ್ಬರು ಮಕ್ಕಳದ್ದು ಅಮ್ಮಾ. ಓಹೋ, ಅದಾ! ಪುಸ್ತಕ ಬೇರೆ ಬೇಕೇ ಅದಕ್ಕೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ಮನೆಯಲ್ಲಿ ಇಬ್ಬರು ಮಕ್ಕಳು, ಒಂದಾದರೂ ಹೆಣ್ಣು ಎಂದು ಗೊತ್ತಿದೆ, ಎರಡೂ ಹೆಣ್ಣಾಗಿರುವ ಸಂಭವನೀಯತೆ ಎಷ್ಟು? ನಾಲ್ಕು ಚೀಟಿ ಮಾಡಿದ್ದಾಳೆ, ಹೆಣ್ಣು ಹೆಣ್ಣು, ಹೆಣ್ಣು ಗಂಡು, ಗಂಡು ಹೆಣ್ಣು, ಗಂಡು ಗಂಡು, ಅದರಲ್ಲಿ ಎರಡನ್ನು ಎತ್ತಿ ಆಚೆ ಹಾಕಿದ್ದಾಳೆ — ಎರಡು! ಸಿಕ್ಕಿಬಿದ್ದಳು! ಗಂಡು ಗಂಡು ಒಂದೇ ತಾನೇ ಹೋಗಬೇಕಾದ್ದು, ಎದೆಯೊಳಗೆ ತಣ್ಣಗೆ ಹಾಲು ಹೊಯ್ದ ಹಾಗಾಯಿತು, ಏನೇ ಇದು, ಹೆಣ್ಣಿರೋ ಚೀಟೀನ ಯಾಕೆ ತೆಗೆದೆ, ಎಂದು ಗಂಡು ಹೆಣ್ಣು ಚೀಟಿಯನ್ನು ನಾನೇ ಎತ್ತಿ ಒಳಗಿಟ್ಟೆ, ಮೂರು ಉಳಿಯತ್ತೆ, ಅದರಲ್ಲಿ ಒಂದು, ಮೂರರಲ್ಲಿ ಒಂದು, ನೀನು ಅರ್ಧ ಅಂತ ಬರ್ದಿದೀಯ, ಇದೇನಾ ಅವಳು ಕಲಿಸಿದ್ದು, ಹಾಂ? ಅಮ್ಮಾ, ಅದು ಹಾಗಲ್ಲ, ಇಲ್ಲಿ — ಏನು ಇಲ್ಲಿ? — ಏನಿಲ್ಲ. ರಬ್ಬರು ತೆಗೆದುಕೊಂಡಳು, ಅರ್ಧವನ್ನು ಅಳಿಸಿದಳು, ಮೂರರಲ್ಲಿ ಒಂದು ಎಂದು ದುಂಡಗೆ ಬರೆದಳು, ಹೌದಮ್ಮಾ, ನೀನು ಹೇಳಿದ್ದೇ ಸರಿ. ನಾನು ಹೇಳಿದ್ದೇ ಸರಿ, ಕೇಳಿಸಿತೇನೇ ತಂಗೀ, ಬಾ ಈಗ, ಬಾ, ಉತ್ತರ ರೆಡಿಯಾಗಿದೆ.

ಕೆಳಗೆ ಪೀಂ ಪೀಂ, ಬಂದೇಬಿಟ್ಟಳು, ನಾನು ಮಗಳ ಮುಖ ನೋಡಿದೆ, ಕಿಟಕಿಯ ಕಡೆಗೆ ಓಡಬೇಕಿತ್ತು ಇವಳು, ಏಳಲಿಲ್ಲ, ಎಡಗೈಯನ್ನು ಪುಸ್ತಕದ ಮೇಲೆ ಅಗಲಿಸಿ ಇಟ್ಟುಕೊಂಡು ಕೂತಿದ್ದಾಳೆ, ಯಾಕೆ ಹಾಗೆ, ಪುಟವೇನು ಹಾರಿಹೋಗುತ್ತದೆಯೇ, ಫ್ಯಾನು ಕೂಡ ಹಾಕಿಲ್ಲ — ಬೆರಳ ಸಂದಿಯಲ್ಲಿ ಅಕ್ಷರ, ತಲೆಕೆಳಗಾಗಿ, ಬೆಂಚುಗಳ ನಡುವೆ ಓಡಾಡುವವಳಿಗೆ ತಲೆಕೆಳಗಾದ ಅಕ್ಷರ ಓದುವುದೇನು ಹೊಸತೇ, ಒಂದಾದರೂ ಎಂದಿಲ್ಲ ಅಲ್ಲಿ, ಹಿರಿಯ ಮಗು ಹೆಣ್ಣು ಎಂದಿದೆ. ಹಿರಿಯದು. ಹಾಗಾದರೆ ಗಂಡು ಮೊದಲಿರುವ ಗಂಡು ಹೆಣ್ಣು ಚೀಟಿಯೂ ಹೋಗಬೇಕು, ಎರಡೇ ಉಳಿಯಬೇಕು, ಎರಡರಲ್ಲಿ ಒಂದು, ಅರ್ಧ, ಇವಳು ಬರೆದಿದ್ದೇ — ಗೊತ್ತಿತ್ತು ಇವಳಿಗೆ. ಚಿಕ್ಕಮ್ಮನ ಮನೆಯಲ್ಲಾದರೆ ಮೇಜು ಗುದ್ದುತ್ತಿದ್ದಳು, ತಪ್ಪೂ ಎಂದು ಕೂಗುತ್ತಿದ್ದಳು, ಇಲ್ಲಿ ಸರಿಯುತ್ತರವನ್ನು ಅಳಿಸಿ, ಪ್ರಶ್ನೆಯನ್ನು ಕೈಯಿಂದ ಮುಚ್ಚಿ ಕೂತಿದ್ದಾಳೆ, ನನ್ನ ಮೇಲೆ ಕರುಣೆಯೋ, ಭಯವೋ, ಭಯವೇ ಇರಬೇಕು. ಅಮ್ಮಾ, ಚಿಕ್ಕಮ್ಮಂಗೆ ಏನು ಹೇಳ್ಲಿ? ಮತ್ತೆ ಪೀಂ. ಹೋಗು, ಎಂದೆ, ಇನ್ನೊಂದು ಸಲ ಎಂದೆ, ಹೋಗು ಪುಟ್ಟೀ, ಬಟ್ಟೆ ಇಸ್ತ್ರಿ ಆಗಿದೆ, ಬ್ಯಾಗಿಗೆ ಹಾಕ್ಕೋ. ಕಣ್ಣು ಅರಳಿತು, ತಕ್ಷಣ ರೆಪ್ಪೆ ಇಳಿಸಿದಳು, ಆದರೂ ಕೈ ತೆಗೆಯುತ್ತಿಲ್ಲ, ನಾನು ಓದಿಬಿಟ್ಟೆನೆಂದು ಇವಳಿಗೆ ಗೊತ್ತಿಲ್ಲ, ಬೆರಳುಗಳನ್ನು ಒಂದಕ್ಕೊಂದು ಒತ್ತಿಕೊಳ್ಳುತ್ತಿದ್ದಾಳೆ, ಸಂದಿಯೇ ಇಲ್ಲದ ಹಾಗೆ, ಅಕ್ಷರದ ಮೇಲೆ ಆ ಕೈ, ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದ ಆ ಪುಟ್ಟ ಕೈ, ಆ ಕೈ —