ನೀರಗಂಟಿಯ ಮೂರನೇ ಕೂಗು

ಊಟ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ಸ್ವಂತ ಗಂಟಲಿಲ್ಲ. ಗಾದೆ ಕೆಡಿಸಿದೆ ಅಂತ ಬೈಯಬೇಡಿ, ಮುಂದೆ ಹೇಳೋದು ಮಾತ್ರ ಸತ್ಯಕಥೆ. ಇದರಲ್ಲಿ ಸತ್ತವರೂ ಇದ್ದಾರೆ, ಆದ್ದರಿಂದ ಇನ್ನಷ್ಟು ಸತ್ಯ.

ಚಿತ್ರದುರ್ಗದಲ್ಲಿ ನಮಗೊಂದು ತರಬೇತಿ ನಡೆಯುತ್ತಿತ್ತು. ಊರಿನ ಗೋಜಲು ಸಮಸ್ಯೆ ಹಿಡಿದು, ಅದನ್ನು ಬಿಡಿಸುವ ಉದ್ಯಮ ಕಟ್ಟುವವರನ್ನು ತಯಾರು ಮಾಡುವ ತರಬೇತಿ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಅಂತ ಎಲ್ಲ ಕಡೆಯಿಂದ ಬಂದಿದ್ದೆವು. ಕಲಿಸುವ ಚೇತನ್‌ಕುಮಾರ್ ಸರ್ ಮೂಗಿನಿಂದ ಮಾತಾಡುತ್ತಿದ್ದರು: "ಸಮಸ್ಯೆಯ ಎಲೆ ಕೀಂಳಬೇಡಿ, ಬೇಂರಿಗೆ ಇಂಳೀರಿ." ಅವರು ಟೀಗೆ ಎದ್ದು ಹೋದರೆ ಅದೇ ಮೂಗಿನಲ್ಲಿ ನಾನು ಪಾಠ ಮುಂದುವರಿಸುತ್ತಿದ್ದೆ. ಹಿಂದಿನ ಬೆಂಚಿನವರು ವ್ಯತ್ಯಾಸ ತಿಳಿಯದೆ ಬರೆದುಕೊಳ್ಳುತ್ತಿದ್ದರು.

ಬೇರಿಗೆ ಇಳಿಯಲು ನನ್ನನ್ನೂ ಹೊಳಲ್ಕೆರೆಯ ಪಲ್ಲವಿಯನ್ನೂ ಹಿರಿಯೂರಿನಾಚೆಯ ಒಂದು ಹಟ್ಟಿಗೆ ಕಳಿಸಿದರು. ಏಪ್ರಿಲ್ ಬಿಸಿಲು. ಬೇರಿಗಿಂತ ಮೊದಲು ಬೆವರಿಗೆ ಇಳಿದೆವು.

ಹಟ್ಟಿಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಮೊಣಕಾಲು ಮಡಚಲಾಗದ ಕಷ್ಟ. ಅದಕ್ಕೆಂದೇ ಒಂದು ಟ್ರಸ್ಟಿನವರು ಶುದ್ಧ ನೀರಿನ ಘಟಕ ಹಾಕಿದ್ದರು. ಅದು ಚೆನ್ನಾಗಿಯೇ ಓಡುತ್ತಿತ್ತು, ನೀರು ಹಿಡಿಯುವವರೇ ಇರಲಿಲ್ಲ. ಸೋಮವಾರದೊಳಗೆ ಜನ ಬಾರದಿದ್ದರೆ ಮಿಷನ್ ಬಿಚ್ಚಿ ಬೇರೆ ಊರಿಗೆ ಒಯ್ಯುತ್ತೇವೆ ಅಂದಿದ್ದರು. ಅದನ್ನು ನಡೆಸಲು ಮುಂದೆ ಬಂದಿದ್ದವಳು ಪಲ್ಲವಿ.

ನಾವು ಹೋದ ದಿನ ಸಂಜೆ ತ್ರೀಫೇಸ್ ಕರೆಂಟ್ ಬಂತು, ಟ್ಯಾಂಕ್ ತುಂಬಿತು. ಹೊತ್ತು ಮುಳುಗುವಾಗ ಘಟಕದ ಮೇಲಿನ ಮೈಕು ಕೂಗಿತು: "ನೀರ್ ಬಂತ್ರವ್ವೋ...!"

ಮುದಿ ದನಿ, ಒಳಗೆ ಮರಳು ತುಂಬಿದಂಥದ್ದು. ಬೀದಿಯಲ್ಲಿದ್ದವರು ಒಳಗೆ ಸರಿದರು. ಒಂದರ ಹಿಂದೊಂದು ಬಾಗಿಲು ಹಾಕಿಕೊಂಡವು. ರೊಪ್ಪದ ಕುರಿಗಳು ಕೂಡ ತಣ್ಣಗಾದವು. ಬೇವಿನ ಕಟ್ಟೆ ಮೇಲೆ ಒಬ್ಬ ಅಜ್ಜಿ ಮಾತ್ರ ಮೈಕಿನ ಕಡೆ ಮುಖ ಮಾಡಿ ಕೂತೇ ಇದ್ದಳು.

"ಒಳಗೆ ಬರ್ರಿ, ಕುಂತ್ಕಳ್ರಿ," ಅಂತ ನಮ್ಮನ್ನು ಜಗಲಿಗೆ ಕರೆದವನು ಹಟ್ಟಿಯ ಯಜಮಾನ, ಹೆಸರೇ ದೊಡ್ಡಪ್ಪ. "ಅದು ನಮ್ ನೀರಗಂಟಿ ಚಿತ್ರಲಿಂಗಪ್ಪನ ಕೂಗು. ನೀರು ಬಿಡೋನು ಅವ್ನೇ, ಕೂಗಿ ಹೇಳೋನೂ ಅವ್ನೇ. ಹೋದ ವರ್ಷ ತೀರ್ಕಂಡ. ಕಟ್ಟೆ ಮೇಲಿರಾಕಿ ಅವನ ಹೆಂಡ್ತಿ, ಗಿರಿಯಮ್ಮ."

ನಮಗಿಂತ ಹಿಂದಿನ ತಂಡದವರು ಅವನು ಬದುಕಿದ್ದಾಗಲೇ ಕೂಗನ್ನು ಫೋನಿನಲ್ಲಿ ಹಿಡಿದು, ಟ್ಯಾಂಕ್ ತುಂಬಿದಾಗ ತಾನೇ ಕೂಗುವಂತೆ ಮಿಷನ್ನಿಗೆ ಹಾಕಿದ್ದರು. 'ಜನರದೇ ದನಿ' ಅಂತ ಸರ್ ಬೆನ್ನು ತಟ್ಟಿದ್ದರಂತೆ. ಚಿತ್ರಲಿಂಗಪ್ಪ ಕೂಗುತ್ತಿದ್ದುದು ಮೂರು ಸಲ. ಒಂದೇ ಮಾತು ಮೂರು ಸಲ ಯಾಕೆ ಅಂತ ಮೊದಲನೆಯದನ್ನು ಇಟ್ಟುಕೊಂಡು ಉಳಿದೆರಡನ್ನು ಕತ್ತರಿಸಿದ್ದರು.

"ಹೊತ್ತು ಮುಳುಗಿದ ಮೇಲೆ ಮೊದಲನೇ ಕೂಗಿಗೆ ನಾವು ಓಗೊಡಾದಿಲ್ಲ," ಅಂದ ದೊಡ್ಡಪ್ಪ. "ಸತ್ತೋರು ಒಂದೇ ಸಲ ಕರೀತಾರೆ. ಮೂರನೇ ಕೂಗು ಬಂದ್ರೇನೆ ಬಾಗಿಲು ತೆಗಿಯಾದು."

"ಯಜಮಾನ್ರೇ, ಅದು ಮಿಷನ್ನು," ಅಂದಳು ಪಲ್ಲವಿ.

"ಮಿಷನ್ ಅಂತ ನಮಗೂ ಗೊತ್ತೈತೆ ಕಣವ್ವ. ಕರೆಯೋನು ಅವ್ನೇ ಅಲ್ವಾ?"

"ಹಂಗಾರೆ ಬೆಳಿಗ್ಗೆ ಹೋಗಿ ಹಿಡ್ಕಳ್ರಿ."

"ಬೆಳಿಗ್ಗೆ ಹೋದ್ರೂ ಹೋಗಿದ್ದು ಯಾವ ಕೂಗಿಗೆ?"

"ಅದನ್ನೇ ಮೂರು ಸಲ ಹಾಕಿದ್ರೆ?"

"ಒಂದೇ ಕೂಗು ಮೂರು ಸಲ ಕೇಳಿಸ್ತೈತೆ, ಅಷ್ಟೇಯ."

ಪಲ್ಲವಿ ಸೋತಳು. "ಅಳಿಸೇ ಬಿಡಾಣ ಅದನ್ನ."

ಗಿರಿಯಮ್ಮ ಕಟ್ಟೆಯಿಂದ ಎದ್ದು ನಿಂತಳು. ಮೊಮ್ಮಗಳು ನಾಗಶ್ರೀ ಒಳಗಿನಿಂದ ಓಡಿ ಬಂದು ಸೆರಗು ಹಿಡಿದುಕೊಂಡಳು. ನಗುವಾಗೆಲ್ಲ ಕಂದು ಹಲ್ಲಿಗೆ ಕೈ ಅಡ್ಡ ಇಡುವ ಹುಡುಗಿ, ಈಗ ಸುಮ್ಮನಿದ್ದಾಗಲೂ ಕೈ ಅಡ್ಡ ಇಟ್ಟಿದ್ದಳು.

"ಅಳಿಸಿದ್ರೆ ಅವನನ್ನ ಇನ್ನೊಂದ್ಸಲ ಮಣ್ಣು ಮಾಡಿದಂಗೆ," ಅಂದ ದೊಡ್ಡಪ್ಪ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಲ್ಲವಿ ನನ್ನ ಕಡೆ ತಿರುಗಿದಳು. "ಲೇ, ಸರ್ ಮೂಗನ್ನೇ ಕದ್ದೋನು ನೀನು. ಉಳಿದೆರಡು ಕೂಗು ನೀನೇ ಯಾಕೆ ಹಾಕಬಾರದು?"

"ಸರ್ ಬದುಕಿದಾರೆ ಕಣೆ. ಬೈದರೆ ಮುಗೀತು. ಇವನು ಬೈಯೋಕೆ ಬಂದ್ರೆ?"

ನಗಾಡಿದೆವು. ಆದರೆ ಮರುದಿನದಿಂದ ಘಟಕದ ಹಿಂದೆ ಕೂತು ಆ ಒಂದೇ ಕೂಗನ್ನು ಕಿವಿಗೆ ತುಂಬಿಕೊಂಡೆ. ಮರಳು ನನ್ನ ಗಂಟಲಿಗೂ ಇಳಿಯಿತು. ಇಳಿದದ್ದು ಏಳಲೇ ಇಲ್ಲ. ಹಿರಿಯೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ "ಒಂದು ಟೀ" ಅಂದರೆ, ಗಲ್ಲಾದವನು ನನ್ನನ್ನು ಬಿಟ್ಟು ನನ್ನ ಹಿಂದೆ ನಿಂತ ಮುದುಕನನ್ನು ಹುಡುಕಿದ. ಹಿಂದೆ ಯಾರೂ ಇರಲಿಲ್ಲ. ನಾನೂ ತಿರುಗಿ ನೋಡಿದೆ, ಅದಕ್ಕೇ ಗೊತ್ತು.

ಭಾನುವಾರ ಸಂಜೆ ಟ್ಯಾಂಕಿನ ಹಿಂದೆ ಅಡಗಿ ಕೂತೆ. ಪಲ್ಲವಿ ನಲ್ಲಿಯ ಹತ್ತಿರ ನಿಂತಳು. ಮೈಕು ಒಂದು ಸಲ ಕೂಗಿತು. ಬಾಗಿಲುಗಳು ಹಾಕಿಕೊಂಡವು.

ಉಸಿರು ಎಳೆದು ಎರಡನೆಯದು ಕೂಗಿದೆ. ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಮೈ ಕೂದಲೇ ಎದ್ದು ನಿಂತವು. ಎಲ್ಲೋ ಒಂದು ಚಿಲಕ ಅಲುಗಿತು. ಮೂರನೆಯದಕ್ಕೆ ಬಾಯಿ ತೆರೆದೆ. ಗಂಟಲು ಒಣಗಿ ಕಟ್ಟಿಕೊಂಡಿತ್ತು. ಗಾಳಿಯೂ ಹೊರಡಲಿಲ್ಲ.

"ನೀರ್ ಬಂತ್ರವ್ವೋ...!"

ಕೂಗು, ಅದರ ಬಾಲಕ್ಕೆ ಒಂದು ಕೆಮ್ಮು. ಬಂದದ್ದು ಎಲ್ಲಿಂದ ಅಂತ ಹೇಳಲಾರೆ. ತುಂಬಿದ ಟ್ಯಾಂಕು ನನ್ನ ಬೆನ್ನಿಗೆ ಗುಂಯ್‌ಗುಟ್ಟುತ್ತಿತ್ತು.

"ಓ... ಬಂದೆ!" ಅಂತ ಓಗೊಟ್ಟವಳು ಗಿರಿಯಮ್ಮ.

ಬಾಗಿಲುಗಳು ತೆರೆದವು. ಕೊಡ, ಬಿಂದಿಗೆ, ಕ್ಯಾನು ಹಿಡಿದು ಹಟ್ಟಿಗೆ ಹಟ್ಟಿಯೇ ಬಂತು. ನಾಗಶ್ರೀ ಎಲ್ಲರಿಗಿಂತ ಮುಂದೆ. ನಲ್ಲಿಗೆ ಬಾಯಿ ಕೊಟ್ಟು ಕುಡಿದು, ಕೈ ಅಡ್ಡ ಇಡುವುದನ್ನು ಮರೆತು ಹಲ್ಲು ಬಿಟ್ಟಳು. "ನಾಳೆ ಬರ್ಲಿ ಅವರು, ಹೆಂಗೆ ಬಿಚ್ತಾರೋ ನೋಡಾಣ," ಅಂತ ದೊಡ್ಡಪ್ಪ ತನ್ನ ಕ್ಯಾನನ್ನು ಸಾಲಿನ ನಡುವೆ ತೂರಿಸಿದ. ಪಲ್ಲವಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಷ್ಟರಲ್ಲಿ ನನ್ನ ಕಿವಿ ಯಾರದೋ ಬೆರಳಿಗೆ ಸಿಕ್ಕಿತು.

"ಸಿಕ್ಕಿದೆಯೇನೋ ಕಳ್ಳ!" ಗಿರಿಯಮ್ಮ ನನ್ನನ್ನು ಬೆಳಕಿಗೆ ಎಳೆದು ತಂದಳು. "ಇವನ್ನ ನೋಡ್ರೇ, ನನ್ ಗಂಡ! ಮೀಸೆನೂ ಸರಿಯಾಗಿ ಬಂದಿಲ್ಲ!"

ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಪಲ್ಲವಿಯೂ ನಕ್ಕಳು.

"ಎರಡನೇ ಕೂಗಿಗೇ ನಂಗೆ ಗೊತ್ತಾತು ಕಣೋ. ಅವ್ನು ಅಷ್ಟು ಎಳೀತಿರಲಿಲ್ಲ. ಆದ್ರೆ ಮೂರನೇದು ಐತಲ್ಲ, ಕೆಮ್ಮು ಸಮೇತ ಹಂಗೇ! ಆ ಕೆಮ್ಮಿಗೇ ನಾ ಓಗೊಟ್ಟಿದ್ದು. ಯಾರು ಹೇಳಿಕೊಟ್ರೋ ನಿಂಗೆ?"

"ಅಜ್ಜಿ," ಅಂದೆ, "ಮೂರನೇದು ನಾನು ಕೂಗಲಿಲ್ಲ."

ಪಲ್ಲವಿಯ ನಗು ಅರ್ಧಕ್ಕೇ ನಿಂತಿತು. ನಲ್ಲಿಯ ಕೆಳಗೆ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ.

ಗಿರಿಯಮ್ಮ ನನ್ನ ಕಿವಿ ಬಿಟ್ಟಳು. ನನ್ನ ಮುಖ ನೋಡಿದಳು. ಟ್ಯಾಂಕಿನಾಚೆ ಕಪ್ಪಾಗುತ್ತಿದ್ದ ಬಯಲನ್ನು ನೋಡಿದಳು. ಆಮೇಲೆ ನಗತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಸೆರಗು ಜಾರುವಷ್ಟು, ಮೊಣಕಾಲು ಹಿಡಿದುಕೊಂಡು ಬಗ್ಗುವಷ್ಟು. ಅವಳು ಮಾತ್ರ, ಸಂಜೆಯಿಂದ ನಕ್ಕವರೆಲ್ಲರ ನಗುವನ್ನೂ ಮೀರಿಸಿ, ಬಯಲಿನ ಕಡೆ ಮುಖ ಮಾಡಿ ನಗುತ್ತಲೇ ಇದ್ದಳು.